ಎಷ್ಟು ಬೆಳಕು ಹಾಕಿದ್ರೂ

ತಪ್ಪಿಸ್ಕೊಂಡು ಓಡಾಡ್ತಿದ್ನಾ? ನಾನಾ? ಅಲ್ಲ ಕಣೋ, ನಿನ್ನ ಕ್ಷೌರದಂಗಡಿ ಈ ಕಡೆ, ನನ್ನ ಫೋಟೋ ಸ್ಟುಡಿಯೋ ಆ ಕಡೆ, ಮಧ್ಯೆ ಒಂದು ರಸ್ತೆ. ನಾನು ಕೆಮ್ಮಿದ್ರೆ ನಿನಗೆ ಕೇಳತ್ತೆ. ತಪ್ಪಿಸ್ಕೊಂಡು ಎಲ್ಲಿಗೆ ಹೋಗ್ಲಿ? ಅಳಿಸು ಅದನ್ನ, ಅಳಿಸು. ಮಗಳ ಸ್ಲೇಟು ಕೈಗೆ ಸಿಕ್ಕಿದ್ದೇ ಸಿಕ್ಕಿದ್ದು, ಬಾಯಿ ಇದ್ದಾಗಿನದಕ್ಕಿಂತ ಜಾಸ್ತಿ ಮಾತಾಡ್ತೀಯ ಈಗ!

ಯಾಕೆ ನಗ್ತೀಯ? ನಗಬೇಡ ಮಾರಾಯ! ದವಡೆಗೆ ತಂತಿ ಬಿಗಿದಿದ್ದಾರೆ, ನಕ್ಕರೆ ಜೀವ ಹೋದ ಹಾಗೆ ನೋಯತ್ತೆ ಅಂತ ನೀನೇ ಬರೆದು ತೋರಿಸಿದ್ದೆ. ಏಳಬೇಡ, ನಿನ್ನ ಕುರ್ಚಿಯಲ್ಲೇ ಕೂತಿರು. ನನಗೆ ಈ ಸ್ಟೂಲು ಸಾಕು. ತಂಗೀ, ಚಹಾ ಬೇಡಮ್ಮ, ಈಗ್ತಾನೇ ಕುಡಿದು ಬಂದೆ... ಪಾಪ, ನಿನ್ನ ಹೆಂಡತಿ ಎಷ್ಟು ಸೊರಗಿ ಹೋಗಿದ್ದಾಳೋ! ದಿನಾ ನಿನಗೆ ಕೊಳವೆಯಲ್ಲಿ ಹಣ್ಣಿನ ರಸ ಕುಡಿಸಿ ಕುಡಿಸಿ, ತಾನು ಊಟ ಮಾಡೋದೇ ಮರೆತಿರಬೇಕು.

ಹಾಂ... ಹೇಳ್ತೀನಿ. ಅದಕ್ಕೇ ತಾನೇ ಬಂದಿದ್ದು. ಸಮಿತಿ ಸಭೆ ಆಯ್ತು. ತೀರ್ಮಾನನೂ ಆಯ್ತು.

ನಮ್ಮ ಕಡೆ ಆಗಲಿಲ್ಲ ಕಣೋ. 'ದೂರು ಸಾಬೀತಾಗಿಲ್ಲ' ಅಂತ ಬರೆದ್ರು. ಅಷ್ಟೇ. ನಿನ್ನ ದವಡೆ ಮುರಿದ ಆ ದಫೇದಾರ ನಾಳೆಯಿಂದ ಮತ್ತೆ ಇದೇ ಬೀದಿಗೆ ಬರ್ತಾನೆ. ನೀನು ಠಾಣೆಯ ಮೆಟ್ಟಿಲಲ್ಲಿ ಜಾರಿಬಿದ್ದೆ ಅಂತ ಅವನು ಹೇಳಿದ್ದೇ ಈಗ ಖಾಯಂ.

ಹಾಗೆ ನೋಡಬೇಡ. ನೋಡಬೇಡ ಅಂದ್ನಲ್ಲ! ತಿರುಗಿ ಕೂತ್ರೂ ಕನ್ನಡಿಯೊಳಗಿಂದ ನೋಡ್ತೀಯಲ್ಲಪ್ಪ... ನಿನ್ನ ಅಂಗಡಿಯಲ್ಲಿ ಮುಖ ಮುಚ್ಚಿಕೊಳ್ಳೋಕೂ ಜಾಗ ಇಲ್ಲ.

ನನಗೆ ಗೊತ್ತು. ನೀನು ಕೇಳಿದ್ದು ದೊಡ್ಡದೇನಲ್ಲ. ಅವನ ಕೆಲಸ ಹೋಗ್ಲಿ ಅನ್ನಲಿಲ್ಲ, ಪರಿಹಾರ ಕೊಡಿ ಅನ್ನಲಿಲ್ಲ. 'ಹೊಡೆದದ್ದು ನಿಜ ಅಂತ ಒಂದು ಮಾತು ಬರೀಲಿ, ಇಲ್ಲಾಂದ್ರೆ ಜನರ ಕಣ್ಣಿಗೆ ನಾನೇ ಸುಳ್ಳ ಆಗ್ತೀನಿ.' ಅಷ್ಟೇ ತಾನೇ ನೀನು ಬರೆದಿದ್ದು? ಜೀಪು ಅಂಗಡಿ ಬಾಗಿಲಿಗೆ ಅಡ್ಡ ನಿಂತಿದೆ, ಸ್ವಲ್ಪ ಮುಂದೆ ಹಾಕಿ ಅಂದಿದ್ದಕ್ಕೆ ಎಳ್ಕೊಂಡು ಹೋದ್ರು. ಇಡೀ ಬೀದಿ ನೋಡಿತ್ತು. ಈಗ ಕೇಳು, ಒಬ್ಬನಾದ್ರೂ ಬಾಯಿ ಬಿಡ್ತಾನಾ! ಎಲ್ಲರೂ ಅವತ್ತು ಊರಲ್ಲೇ ಇರಲಿಲ್ಲವಂತೆ!

ನಾನು ಇದ್ದೀನಲ್ಲ ಅಂದಿದ್ದೆ... ಹೌದು, ಅಂದಿದ್ದೆ. ದೂರು ಕೊಡು ಅಂತ ನಿನ್ನ ಬೆನ್ನು ಹತ್ತಿದವನೂ ನಾನೇ. ಪೊಲೀಸರ ಮೇಲೆ ದೂರು ಬಂದ್ರೆ ವಿಚಾರಿಸೋಕೆ ನಾಗರಿಕರ ಸಮಿತಿ ಅಂತ ಮಾಡಿದ್ದಾರೆ, ಅದರಲ್ಲಿ ನಮ್ಮ ಬೀದಿ ಕಡೆಯಿಂದ ನಾನೇ ಇದ್ದೀನಿ, ಇನ್ನೇನು ಬೇಕು ಅಂತ ಎದೆ ತಟ್ಟಿದ್ದೆ. ಎಂಥಾ ಸಮಿತಿ, ಎಂಥಾ ಕತೆ! ಒಳಗೆ ಹೋಗಿ ಕೂತ್ರೆ ಗೊತ್ತಾಗತ್ತೆ. ಉದ್ದ ಮೇಜು, ತಣ್ಣೀರು, ಬಿಸ್ಕತ್ತು. ಆ ಕಡೆ ಇನ್‌ಸ್ಪೆಕ್ಟರು ಕೂತು ನಗನಗ್ತಾ 'ಮನೇಲಿ ಎಲ್ಲ ಚೆನ್ನಾಗಿದ್ದಾರಾ?' ಅಂತ ಕೇಳ್ತಾರೆ. ಅಷ್ಟೇ ಕೇಳೋದು. ಅಷ್ಟಕ್ಕೇ ಕೈಯಲ್ಲಿದ್ದ ಬಿಸ್ಕತ್ತು ತಟ್ಟೆಗೆ ವಾಪಸ್ ಇಟ್ಟೆ ಕಣೋ.

ಏನು ಬರೀತಿದೀಯ? ತೋರಿಸು... 'ಕ್ಯಾಮೆರಾ?'

ಇತ್ತು. ಠಾಣೆ ಗೋಡೆಯಲ್ಲಿ ಇತ್ತು. ಆದ್ರೆ ಚಿತ್ರ ಮಬ್ಬು. ಅಧ್ಯಕ್ಷೆ ಮೇಡಂ ಇದ್ದಾರಲ್ಲ, ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದವರು, ಒಳ್ಳೆ ಹೆಂಗಸು. ಕನ್ನಡಕ ತೆಗೆದು ಹಾಕಿ, ತೆಗೆದು ಹಾಕಿ ನೋಡಿದ್ರು. ಅಲ್ಲಿನ ಚಿಕ್ಕ ಪರದೆಯಲ್ಲಿ ಯಾರಿಗೂ ಏನೂ ತಿಳೀಲಿಲ್ಲ. 'ನೀವು ಫೋಟೋದವರು, ಸ್ಟುಡಿಯೋಗೆ ತಗೊಂಡು ಹೋಗಿ, ಬೆಳಕು ಹೆಚ್ಚು ಮಾಡಿ ನೋಡಿ. ನೀವು ಏನು ಹೇಳ್ತೀರೋ ಅದನ್ನೇ ನಾವು ಒಪ್ಪಿಕೊಳ್ತೀವಿ' ಅಂದ್ರು. ನೋಡಿದೆ. ಶಟರ್ ಎಳ್ಕೊಂಡು ಒಬ್ಬನೇ ಕೂತು ನೋಡಿದೆ. ಎಷ್ಟು ಬೆಳಕು ಹಾಕಿದ್ರೂ ಕತ್ತಲೆ ಕಣೋ. ಬರೀ ಕತ್ತಲೆ. ಯಾರು ಯಾವನು ಅಂತಲೇ ಗೊತ್ತಾಗಲ್ಲ. ಹಾಗಂತಲೇ ಹೇಳಿದೆ. ಇಲ್ಲದ್ದನ್ನ ಇದೆ ಅಂತ ಹೇಗೆ ಹೇಳೋದು?

ಏನು? ...ಓ, ನಮ್ಮ ಚಿಕ್ಕ ಮಗಳದ್ದಾ? ಹೂಂ, ಆಯ್ತು. ಕೆಲಸಕ್ಕೆ ಸೇರೋಕೆ ಠಾಣೆಯಿಂದ ನಡತೆ ಪತ್ರ ಬೇಕಿತ್ತಲ್ಲ, ತಿಂಗಳುಗಟ್ಟಲೆ ಅಲೆಸಿದ್ರಲ್ಲ, ಕೊನೆಗೂ ಕೊಟ್ರು. ನಿನ್ನೆ ಕೊಟ್ರು. ಪಾಪ, ಇಷ್ಟು ನೋವಲ್ಲೂ ಅವಳನ್ನ ವಿಚಾರಿಸ್ತೀಯ. ಚಿಕ್ಕಪ್ಪನಿಗೂ ಸಿಹಿ ಕೊಡ್ಬೇಕು ಅಂದ್ಲು. ನಾನೇ ಬೇಡ ಅಂದೆ, ತಿನ್ನೋಕಾಗಲ್ಲ ಅಂತ.

ಇಲ್ನೋಡು, ನಿನಗೆ ಬೇಜಾರಾದ್ರೂ ಪರವಾಗಿಲ್ಲ, ಒಂದು ಮಾತು ಹೇಳ್ತೀನಿ. ನಿನ್ನದೂ ತಪ್ಪಿದೆ! ಹೌದು, ನಿನ್ನದೇ! ಮನುಷ್ಯ ಇಷ್ಟು ಸಾಧು ಇರಬಾರದು. ಆ ಠಾಣೆಯೊಳಗೆ ಎದುರು ಮಾತಾಡಲಿಲ್ಲ, ಕೂಗಲಿಲ್ಲ, ಕೈ ಅಡ್ಡ ಹಿಡೀಲಿಲ್ಲ. ಬಾಯಿ ತುಂಬ ರಕ್ತ, ಆದ್ರೂ ಎದ್ದು, ಅವನು ಒದ್ದು ಉರುಳಿಸಿದ ಕುರ್ಚಿ ನೆಟ್ಟಗೆ ನಿಲ್ಲಿಸಿ, ಗಿರಾಕಿ ಕೂರೋ ಮುಂಚೆ ತಟ್ಟೋ ಹಾಗೆ ಅಂಗೈಯಲ್ಲಿ ಟಪಟಪ ಅಂತ ಧೂಳು ತಟ್ಟಿ, ಕೈಕಟ್ಟಿ ನಿಂತೆಯಲ್ಲೋ! ಯಾರಾದ್ರೂ ಹಾಗೆ ಮಾಡ್ತಾರಾ? ನನಗೆ ಹೊಟ್ಟೆ ಉರಿದು ಹೋಯ್ತು ಕಣೋ, ಕಣ್ಣಲ್ಲಿ ನೀರು...

ಏನು?

ಯಾಕೆ ಕನ್ನಡಿ ಬಿಟ್ಟು ನನ್ನ ಕಡೆಗೇ ತಿರುಗಿದೆ?

ನೀನೇ ಬರೆದಿದ್ದೆಯಲ್ಲ, ದೂರಿನಲ್ಲಿ... ಕುರ್ಚಿ ವಿಷಯ. ಬರೆದಿರಲಿಲ್ವಾ? ಹಾಗಾದ್ರೆ ನಿನ್ನ ಹೆಂಡತಿ ಹೇಳಿರಬೇಕು. ತಂಗೀ, ನೀನೇ ತಾನೇ ಅವತ್ತು... ಏನಮ್ಮ? ನಿನಗೂ ಹೇಳಿಲ್ವಾ? ಕುರ್ಚಿ ವಿಷಯ ಅವಳಿಗೂ ಹೇಳಿಲ್ವೇನೋ ನೀನು?

ಬರಿ. ಏನಾದ್ರೂ ಬರಿ. ಸ್ಲೇಟು ಯಾಕೆ ಕೆಳಗಿಟ್ಟೆ? ತಗೋ, ಬಳಪ ಇಲ್ಲಿದೆ, ಬರಿ. ಬೈಯಿ. ಥೂ ಅನ್ನು. ಸಣ್ಣಂದಿನಿಂದ ಬೈದಿದ್ದೀಯ, ಇವತ್ತೇನು ಹೊಸದಾ? ಸುಮ್ಮನೆ ಇರಬೇಡ ಮಾರಾಯ, ನಿನ್ನ ದಮ್ಮಯ್ಯ, ಹೀಗೆ ಸುಮ್ಮನೆ ಇರಬೇಡ...

ನಾನೇನು ಮಾಡ್ಲಿ? ಹೇಳು, ನನ್ನ ಜಾಗದಲ್ಲಿ ನೀನಿದ್ದಿದ್ರೆ? ಅವಳ ಪತ್ರ ಅವರ ಮೇಜಿನ ಮೇಲಿತ್ತು. ಯಾರೂ ಏನೂ ಹೇಳಲಿಲ್ಲ ಕಣೋ, ಒಂದು ಬೆದರಿಕೆನೂ ಇಲ್ಲ. ಮನೇಲಿ ಎಲ್ಲ ಚೆನ್ನಾಗಿದ್ದಾರಾ ಅಂದ್ರು, ಅಷ್ಟೇ... ಹೊರಡ್ತೀನಿ. ನಾನು ಹೊರಡ್ತೀನಿ, ಆಯ್ತಾ? ಆಮೇಲೆ ಯಾವಾಗಾದ್ರೂ...

ಅಯ್ಯೋ, ಕಾಲು ತಾಗಿತು! ದರಿದ್ರ ಸ್ಟೂಲು! ಇರಲಿ, ನಾನೇ ಎತ್ತಿಡ್ತೀನಿ. ನೀನು ಕೂತ್ಕೋ. ಕೂತ್ಕೋ ಅಂದ್ನಲ್ಲ... ಬಿಡೋ, ನೀನು ಬಗ್ಗಬೇಡ, ಬಿಡು...

ಬೇಡ ಕಣೋ. ತಟ್ಟಬೇಡ.