ಹಳಿ ತಪ್ಪಿಸಿದ ಹುಡುಗಿ

ನೋಯ್ಡಾ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ಕನ್ನಡ ಕೇಳಿಸಿತೆಂದು ವಸುಧಾ ತಿರುಗಿ ನೋಡಿದಳು. ಬೆಂಚಿನ ಮೇಲೆ ಕೂತ ಮುದುಕರ ತೊಡೆಯಲ್ಲಿ ಪುಟ್ಟ ರೈಲಿನ ಇಂಜಿನ್ ಇತ್ತು. ಪಕ್ಕದಲ್ಲಿ ಒಬ್ಬ ಯುವತಿ ಸಿಡಿಮಿಡಿಗುಟ್ಟುತ್ತಿದ್ದಳು.

“ಈಗಿನ ಮಕ್ಕಳಿಗೆ ಮಾಡೆಲ್ ರೈಲು ಬೇಡಮ್ಮ, ಮೊಬೈಲ್ ಸಾಕು. ನಮ್ಮ ಕ್ಲಬ್ಬು ನಮ್ಮ ಜೊತೇಲೇ ಮುಗಿಯುತ್ತೆ.”

“ಬಂದೋರನ್ನ ನೀವೇ ಓಡಿಸ್ತೀರಲ್ಲ ಅಂಕಲ್! ಇವತ್ತು ಪ್ರದರ್ಶನದಲ್ಲಿ ಆ ಹುಡುಗಿ ಮೇಲೆ ಹಾಗೆ ರೇಗಬೇಕಿತ್ತಾ?”

“ಜೋರಾಗಿ ಬಿಟ್ಟು ಇಂಜಿನ್ ಹಳಿ ತಪ್ಪಿಸಿದಳು.”

“ಅಚ್ಛಾ, ನೀವು ಯಾವತ್ತೂ ತಪ್ಪಿಸಿಲ್ವಾ?”

“ಇದು ನಾನು ಕೈಯಾರೆ ಮಾಡಿದ್ದು ಕಣಮ್ಮ!”

“ಅಳ್ತಾ ಅಳ್ತಾನೇ ಒಂದೊಂದು ಚಕ್ರಾನೂ ಹಳಿ ಮೇಲೆ ಕೂರಿಸಿ ಹೋದಳು. ನೀವು ನೋಡಲೇ ಇಲ್ಲ.”

ಮೆಟ್ರೋ ಬಂತು. ಮುದುಕರು ಇಂಜಿನ್ ಎದೆಗವಚಿಕೊಂಡು ಎದ್ದರು.

“ಅವಳ ಹೆಸರೇನು?”

“ಕೇಳೋರು ಎಲ್ಲಿದ್ರು ಅಂಕಲ್? ಇದ್ದೋರೆಲ್ಲ ಬೈಯೋರೇ,” ಎನ್ನುತ್ತ ಯುವತಿ ಮೆಟ್ರೋ ಹತ್ತಿದಳು.