ಗಳಕ್ಕೆ ಕಟ್ಟಿದ ಕೆಂಪು ಬಟ್ಟೆ

ಚಾಪೆ ಹಾಸ್ಬೇಡಿ ಅತ್ಗೆ, ಬುಡಿ. ಈ ದಿಮ್ಮಿ ಮೇಲೇ ಕೂತ್ಕತೀನಿ. ಅಣ್ಣಯ್ಯ ಇದ್ದಾಗ್ಲೂ ನಾನು ಇಲ್ಲೇ ಅಲ್ವಾ ಕೂರ್ತಿದ್ದಿದ್ದು... ಏನ್ ಹೇಳ್ತಿದ್ದೆ? ಹಾಂ, ಗುರುವಾರ. ಬರೋ ಗುರುವಾರ ನಮ್ಮ ದಿಬ್ಬದ ಮೇಲಿನ ದಿಕ್ಕಿನ ಮನೆ, ವಿಮಾನಕ್ಕೆ ರೇಡಿಯೋದಲ್ಲಿ ದಾರಿ ತೋರ್ಸೋದು, ಬಂದ್. ಸ್ವಿಚ್ ಆರಿಸಿ, ಆಮೇಲೆ ಎಲ್ಲಾ ಬಿಚ್ಕಂಡು ಹೋಗ್ತಾರಂತೆ. ಮೂವತ್ತೊಂದು ವರ್ಷ ವಾಚ್‌ಮನ್ ಆಗಿ ಕಾಯ್ದೆ. ಬೀಗದ ಕೈ ಒಪ್ಸಿ ಈಗ್ತಾನೆ ಬಂದೆ ಕಣತ್ಗೆ.

ಗುರುವಾರವೇ ಯಾಕೆ ಅಂದ್ರೆ, ವಿಮಾನ ಓಡ್ಸೋರ ನಕ್ಷೆ ಇಪ್ಪತ್ತೆಂಟು ದಿನಕ್ಕೊಂದ್ಸಲ ಬದಲಾಗ್ತದೆ, ಯಾವಾಗ್ಲೂ ಗುರುವಾರವೇ. ಈ ಸಲದ ನಕ್ಷೇಲಿ ನಾವಿಲ್ಲ. ನಮ್ಮ ದೇವರ ಪಟದ ಪಕ್ಕ ಒಂದು ತೂಗಾಕಿದೀನಲ್ಲ, ಎಂಜಿನಿಯರ್ ಶ್ರೀರಂಗಯ್ಯನೋರು ಹಳೇದು ಅಂತ ಕೊಟ್ಟಿದ್ದು... ಅದ್ರಲ್ಲಿ ತುರುವೇಕೆರೆ ಇಲ್ಲ, ದಂಡಿನಶಿವರ ಇಲ್ಲ. ನಮ್ಮ ದಿಬ್ಬ ಐತೆ. ಮೂರು ಇಂಗ್ಲಿಷ್ ಅಕ್ಷರ, ಸುತ್ತ ಒಂದು ಚಕ್ರ. ಆಕಾಶದಲ್ಲಿ ಹೋಗೋನಿಗೆ ಈ ಸೀಮೇಲಿ ಲೆಕ್ಕಕ್ಕಿದ್ದಿದ್ದು ನಾವು ಮಾತ್ರ.

ಯಾಕ್ ನಗ್ತೀರಿ? ನಗಿ, ನಗಿ. ಎರಡು ವರ್ಷದ ಮೇಲೆ ನಗುವಾದ್ರೂ ಬಂತು. ಅಣ್ಣಯ್ಯ ತೀರ್ಕಂಡು ಶಿವಗಣಾರಾಧನೆ ಆದ ದಿನದಿಂದ ನೀವು ನನ್ನತ್ರ ಒಂದು ಮಾತಾಡಿಲ್ಲ. ಕಾಫಿ ಕೊಡ್ತೀರಿ, ಚಾಪೆ ಹಾಸ್ತೀರಿ, ಬಾಯಿ ಮಾತ್ರ ಬಿಡಲ್ಲ. ನಾನೇನ್ ತಪ್ಪು ಮಾಡ್ದೆ ಅಂತ ಇಂಪನಾನ ಕೇಳ್ದೆ, ನಿಮ್ಮ ಮಗಳೂ ತಲೆ ತಗ್ಗಿಸ್ಕಂಡು ಒಳಕ್ಕೆ ಹೋದ್ಲು. ಇರ್ಲಿ... ಆ ಮಚ್ಚು ಒಂಚೂರು ಕೆಳಗಿಡಿ ಅತ್ಗೆ. ಕೊಬ್ಬರಿ ಎಲ್ಲಿಗೂ ಓಡೋಗಲ್ಲ, ಚಿಪ್ಪು ಆಮೇಲೆ ಬಿಡಿಸೀರಂತೆ.

ನಾನು ಬಂದಿದ್ದು ನಿಮ್ಮನ್ನ ಮಾತಾಡ್ಸೋಕೇ. ಹೊರಗೆ ಲಗೇಜ್ ಆಟೋ ನಿಂತೈತೆ ನೋಡಿ. ಹನ್ನೊಂದು ತೆಂಗಿನ ಸಸಿ ತಂದಿದೀನಿ. ಅವತ್ತು ನಿಮ್ಮ ತೋಟದಲ್ಲಿ ಹೋಗಿದ್ದೂ ಹನ್ನೊಂದೇ. ಈಗ ದಿಕ್ಕಿನ ಮನೆಯೇ ಇಲ್ಲ ಅಂದ್ಮೇಲೆ ಎಷ್ಟೆತ್ತರ ಬೆಳೆದ್ರೂ ಕೇಳೋರಿಲ್ಲ. ನೀವು ಒಂದು ಹೂಂ ಅನ್ನಿ, ಇವತ್ತೇ ಗುಂಡಿ ತೆಗೆದು ನೆಟ್ಟು ಹೋಗ್ತೀನಿ. ನಿಮ್ಮ ಬಾಯಿಂದ ಒಂದು ಹೂಂ, ಅಷ್ಟೇ ನಂಗೆ ಬೇಕಿರೋದು.

ಹೂಂ ಅನ್ನಲ್ಲ ಅಲ್ವಾ. ಆಯ್ತು, ಯೋಚ್ನೆ ಮಾಡಿ.

ಶ್ರೀರಂಗಯ್ಯನೋರು ಒಳ್ಳೊಳ್ಳೆ ಕತೆ ಹೇಳೋರು. ಮೊದಮೊದ್ಲು ಪೈಲಟ್ಟುಗಳಿಗೆ ನಕ್ಷೇನೇ ಇರ್ಲಿಲ್ವಂತೆ. ರೈಲು ಕಂಬಿ ಹಿಡ್ಕಂಡು ಹೋಗೋದು, ಕೆರೆ ನೋಡಿ ಊರು ಗುರುತು ಹಿಡಿಯೋದು. ಯಾವುದೋ ದೇಶದಲ್ಲಿ ನೆಲದ ಮೇಲೆ ದೊಡ್ಡ ದೊಡ್ಡ ಕಾಂಕ್ರೀಟ್ ಬಾಣ ಮಾಡಿ ದಿಕ್ಕು ತೋರಿಸ್ತಿದ್ರಂತೆ. ಆಮೇಲೆ ರೇಡಿಯೋ ಬಂತು, ನಮ್ಮಂಥ ದಿಕ್ಕಿನ ಮನೆ ಬಂದ್ವು. ಮೋಡ ಕವಿದು ಏನೂ ಕಾಣ್ದೆ ಇದ್ರೂ ವಿಮಾನದೊಳಗಿನ ಮುಳ್ಳು ನಮ್ಮ ದಿಬ್ಬದ ಕಡೆಗೆ ತಿರುಗ್ತಿತ್ತು. ಈಗ ಉಪಗ್ರಹ. ಅದಕ್ಕೆ ದಿಬ್ಬವೂ ಬೇಡ, ವಾಚ್‌ಮನ್ನೂ ಬೇಡ.

ಒಬ್ಬ ಪೈಲಟ್ಟು ಇದ್ದನಂತೆ ಅತ್ಗೆ, ಶುರುಶುರು ಕಾಲದಲ್ಲಿ. ಜೇಬಲ್ಲಿ ಒಂದು ಸಣ್ಣ ಕಪ್ಪು ಪುಸ್ತಕ. ಯಾವ ಹೊಲದಲ್ಲಿ ಇಳೀಬೋದು, ಯಾವ ಗುಡ್ಡ ಎಷ್ಟೆತ್ತರ, ಎಲ್ಲಾ ತಾನೇ ಹತ್ತಿ ಅಳೆದು ಬರ್ಕತಿದ್ದ. ಅದನ್ನ ನೋಡಿ ನೋಡಿ ಬೇರೆಯೋರು ಕೇಳಿ ಇಸ್ಕಂಡ್ರು. ಈಗಿನ ನಕ್ಷೆಗೆಲ್ಲ ಅದೇ ಮೂಲವಂತೆ. ಶ್ರೀರಂಗಯ್ಯನೋರು ಅನ್ನೋರು, ‘ನೋಡು ಮರುಳಪ್ಪ, ಅವನು ಒಂದೇ ಒಂದು ಅಳತೆ ಸುಳ್ಳು ಬರೆದಿದ್ರೆ ಆ ಪುಸ್ತಕಾನ ಯಾರೂ ನಂಬ್ತಿರ್ಲಿಲ್ಲ...’

ನೀರು ಒಂಚೂರು ಕೊಡ್ತೀರಾ. ಬುಡಿ, ಬೇಡ. ಕೂತ್ಕಳಿ.

ನಾನೂ ಅದೇ ಕೆಲಸ ಮಾಡಿದ್ದಲ್ವಾ ಮತ್ತೆ? ದಿಕ್ಕಿನ ಮನೆ ಸುತ್ತ ತೆಂಗು ಇಷ್ಟೇ ಎತ್ತರ ಇರ್ಬೇಕು ಅಂತ ಕಾನೂನು. ಮರ ಅಡ್ಡ ಬಂದ್ರೆ ಮೇಲಿರೋನಿಗೆ ಮುಳ್ಳು ಸೊಟ್ಟ ತೋರಿಸ್ತದೆ. ಹದಿನಾರು ವರ್ಷದ ಹಿಂದೆ ತಪಾಸಣೆ ವಿಮಾನ ಬಂದು ನಮ್ಮ ತೋಟದ ಮೇಲೆ ಗಿರಗಿರ ಸುತ್ತಿತಲ್ಲ, ನೆನಪೈತಾ? ಪಡುವಣ ದಿಕ್ಕಲ್ಲಿ ಮುಳ್ಳು ಅಲ್ಲಾಡ್ತೈತೆ, ಮರ ಯಾವುದು ನೋಡಿ ವರದಿ ಕೊಡು ಅಂದ್ರು. ಪಡುವಣಕ್ಕೆ ಇರೋದೇ ನಿಮ್ಮ ಸಾಲು, ನನ್ನ ನಾಕು ಮರ. ಅಳೆಯೋಕೆ ನಿಮ್ಮ ಮನೇಲೇ ಗಳ ಇಸ್ಕಂಡೆ, ಕಾಯಿ ಕೀಳೋದು, ಎರಡು ಬಿದಿರು ಸೇರಿಸಿ ಕಟ್ಟಿದ್ದು. ಎಷ್ಟೆತ್ತರ ಇರ್ಬೋದೋ ಅಲ್ಲಿಗೆ ಕೆಂಪು ಬಟ್ಟೆ ಕಟ್ದೆ. ಗೊನೆ ಬುಡ ಬಟ್ಟೆ ದಾಟಿದ್ರೆ ಆ ಮರ ಹೋಯ್ತು. ನಿಮ್ಮವು ಹನ್ನೊಂದೂ ದಾಟಿದ್ವು. ನಾನೇನ್ ಮಾಡ್ಲಿ? ಸರ್ಕಾರದ ಕೆಲಸ. ಬರ್ದು ಕೊಟ್ಟೆ.

ಫಲ ಬಿಡೋ ಮರ ಕಡಿಯೋಕೆ ನಮ್ಮೋರು ಯಾರೂ ಕೈ ಹಾಕಲ್ಲ. ಹುಳಿಯಾರು ಕಡೆಯಿಂದ ಜುಂಜೇಶ ಬಂದು ಕಡಿದ. ಅದಕ್ಕೂ ಮುಂಚೆ ನೀವು ಒಂದೊಂದು ಬುಡಕ್ಕೂ ಅರಿಶಿನ ಕುಂಕುಮ ಇಟ್ಟು ಹಾಲೆರೆದ್ರಿ. ನಾನು ಬೇಲಿ ಆಚೆ ನಿಂತಿದ್ದೆ... ಅಣ್ಣಯ್ಯ ನನ್ನ ಒಂದು ಮಾತು ಅನ್ಲಿಲ್ಲ. ‘ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ವಲ್ಲ?’ ಅಂದ. ಅಷ್ಟೇ. ಇಲ್ಲ ಅಣ್ಣಯ್ಯ ಅಂದೆ.

ಮಚ್ಚಲ್ಲಿ ಆ ಕಡೆ ಯಾಕೆ ತೋರಿಸ್ತೀರಿ? ನನ್ನ ತೋಟವಾ? ಅವೂ ಹೋದ್ವಲ್ಲ ಅತ್ಗೆ, ನನ್ನ ನಾಕೂ ಹೋದ್ವಲ್ಲ ಅದೇ ವರ್ಷ. ರಸ ಸೋರೋ ರೋಗ ಬಂದಿತ್ತು. ಊರಿಗೇ ಗೊತ್ತು. ಮೂರು ತಿಂಗಳು ಬಿಟ್ಟು ತಪಾಸಣೆ ವಿಮಾನ ಇನ್ನೊಂದ್ಸಲ ಬಂದಿತ್ತಲ್ಲ, ಅದಾದ ವಾರಕ್ಕೇ ನಾನೇ ಕಡ್ಸಿದ್ದು... ಏನು? ಹಂಗ್ಯಾಕೆ ನೋಡ್ತೀರಿ? ರೋಗಕ್ಕೂ ವಿಮಾನಕ್ಕೂ ಏನ್ ಸಂಬಂಧ, ಹೊತ್ತು ಹಂಗೆ ಸೇರ್ಕಂತು ಅಷ್ಟೇ.

ಎಲ್ಲಿಗೆ ಎದ್ರಿ? ಅತ್ಗೆ... ಅಟ್ಟದಲ್ಲಿ ಏನ್ ಹುಡುಕ್ತೀರಿ? ನಾನು ಇಳಿಸ್ಕೊಡ್ಲಾ?

ಇದು... ಅದೇ ಗಳ. ಇನ್ನೂ ಇಟ್ಟಿದೀರಾ. ಬಟ್ಟೆ ಬಿಳಿಚ್ಕಂಡು ಹೋಗೈತೆ, ಗಂಟು ಮಾತ್ರ ನಾನು ಹಾಕಿದ್ದೇ. ಬಿಚ್ಚದೆ ವಾಪಸ್ ಕೊಟ್ಟಿದ್ನಾ? ಆತುರದಲ್ಲಿ ಮರ್ತಿದ್ದೆ ಅಂತ ಕಾಣ್ತದೆ. ಏನ್ ಮಾಡ್ತೀರಿ? ಏಳ್ಬೇಕಾ? ಎದ್ದೆ, ಎದ್ದೆ. ದಿಮ್ಮಿ ಪಕ್ಕ ಮಲಗ್ಸಿದ್ರಿ... ಬುಡಕ್ಕೆ ಬುಡ ಸೇರಿಸ್ತಾ ಇದೀರಿ.

ಹನ್ನೊಂದರಲ್ಲಿ ಹತ್ತು ದಿಮ್ಮಿ ಮಾರಿ ಇದೊಂದನ್ನ ಅಣ್ಣಯ್ಯ ಯಾಕೆ ಕೊಯ್ಸದೆ, ಬುಡದಿಂದ ಗೊನೆವರೆಗೂ ಹಂಗೇ ಸೂರಿನ ಕೆಳಗೆ ಹಾಕಿದ್ದಾನೆ ಅಂತ ಎಷ್ಟು ಸಲ ಕೇಳಿದೀನಿ ನಾನು. ‘ಬುಡ್ಲಾ, ನೀನು ಕೂತ್ಕಳೋಕೆ’ ಅಂದಿದ್ದ.

ದಿಮ್ಮಿ ಇಲ್ಲಿಗೇ ಮುಗೀತು. ಬಟ್ಟೆ ಇನ್ನೂ ಆಚೆ, ಅಲ್ಲೈತೆ.

ಬುಡದಲ್ಲಿ ಒಂದು ಗೇಣು ಬಿಟ್ಟೇ ಕಡೀತಾರೆ ಅತ್ಗೆ, ಒಣಗಿದ ಮೇಲೆ ಮರ ಒಂಚೂರು... ಇಲ್ಲ. ಒಂದು ಮಾರು ಕಮ್ಮಿ ಐತೆ. ಗೊತ್ತು. ನಂಗೆ ಅವತ್ತೇ ಗೊತ್ತಿತ್ತು. ನಿಮ್ಮ ಒಂದು ಮರವೂ ಬಟ್ಟೆ ಮುಟ್ಟಿರ್ಲಿಲ್ಲ. ದಾಟಿದ್ದು ನನ್ನ ನಾಕು. ಅಪ್ಪ ನೆಟ್ಟಿದ್ದು, ನನ್ನ ಪಾಲಿಗೆ ಬಂದಿದ್ದೇ ಅಷ್ಟು. ನಿಮಗೆ ನೂರಾರು ಮರ, ಹನ್ನೊಂದು ಹೋದ್ರೆ ಗೊತ್ತಾಗಲ್ಲ ಅಂದ್ಕಂಡೆ. ಮುಳ್ಳು ಅಲ್ಲಾಡೋದು ನಿಲ್ಲಲಿಲ್ಲ. ಕೊನೆಗೆ ನನ್ನವನ್ನೂ ಕಡಿಸ್ದೆ. ರೋಗ ಇರ್ಲಿಲ್ಲ ಅತ್ಗೆ.

ಕಡಿದ ಸಂಜೆ ಅಣ್ಣಯ್ಯ ಈ ಗಳ ಹಿಡ್ಕಂಡು ಬಿದ್ದಿರೋ ಮರದ ನಡುವೆ ಓಡಾಡ್ತಿದ್ದ. ಒಂದೊಂದರ ಪಕ್ಕವೂ ಕೂರೋನು, ಏಳೋನು. ಮರದ ಮೇಲೆ ಪ್ರೀತಿ, ಪಾಪ, ಅಂದ್ಕಂಡಿದ್ದೆ ನಾನು. ಅಳೀತಿದ್ದ. ಅಳೆದು ಮುಗ್ಸಿ, ಕೈ ತೊಳ್ಕಂಡು, ನನ್ನ ಊಟಕ್ಕೆ ಕರೆದ. ಆವಾಗ ಕೇಳಿದ್ದು ಅದು, ಕೆಲಸಕ್ಕೆ ತೊಂದ್ರೆ ಇಲ್ವಲ್ಲ ಅಂತ... ಅವನು ಒಂದು ಅರ್ಜಿ ಬರೆದಿದ್ರೆ ಸಾಕಿತ್ತು, ನನ್ನ ಕೆಲಸ ಹೋಗ್ತಿತ್ತು.

ಹದಿನಾಕು ವರ್ಷ, ಅವನು ಇರೋತನಕ, ಇದರ ಮೇಲೇ ಕೂರಿಸಿ ಕಾಫಿ ಕೊಟ್ಟ.

ಅತ್ಗೆ, ಒಳಕ್ಕೆ ಹೋಗ್ಬೇಡಿ. ಏನಾದ್ರೂ ಅನ್ನಿ. ಬಯ್ರಿ. ಆಟೋದೋನು ಹಾರ್ನ್ ಹೊಡೀತಾವ್ನೆ, ಸಸಿ ಇಳಿಸು ಅನ್ಲಾ, ವಾಪಸ್ ಹೋಗು ಅನ್ಲಾ?

ಮತ್ತೆ ಕಾಫಿ ತಂದ್ರಾ...

ಕೊಡಿ. ನಾನೀಗ ಎಲ್ಲಿ ಕೂತ್ಕಳ್ಲಿ ಅತ್ಗೆ?