ಕನ್ನಡದಲ್ಲೂ ಬಾರದ ಉತ್ತರ

ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ಬಂದು ನನ್ನ ಮುಂದೆ ಕೂತರು. "ಅಜ್ಜಾರ, ಈ ಮೊಬೈಲು ನಮ್ಮ ಮನಿ ಹಾಳು ಮಾಡೈತ್ರಿ. ಗಂಡ ಒಂದು ಮೂಲ್ಯಾಗ, ಮಕ್ಕಳು ಒಂದು ಮೂಲ್ಯಾಗ. ಒಬ್ಬರಿಗೊಬ್ಬರು ಮಾತಿಲ್ಲ. ಏನರ ಒಂದು ಮಂತ್ರ ಕೊಡ್ರಿ" ಎಂದರು. ತಾಯಿ, ನನ್ನ ಹತ್ತಿರ ಅಂಥ ಮಂತ್ರವಿಲ್ಲ. ಇದ್ದಿದ್ದರೆ ಮೊದಲು ನಮ್ಮ ಮಠದ ಅಡುಗೆಯವರ ಮೇಲೆ ಪ್ರಯೋಗಿಸುತ್ತಿದ್ದೆ! ನಗಬೇಡಿ, ನಿಜ ಹೇಳುತ್ತಿದ್ದೇನೆ. ಮಂತ್ರವಿಲ್ಲ, ಒಂದು ಕಥೆ ಇದೆ. ಕೇಳಿ.

ಬ್ಯಾಡಗಿ ಸೀಮೆಯಲ್ಲಿ ಒಬ್ಬ ಸಾಹುಕಾರ. ಮೆಣಸಿನಕಾಯಿ ವ್ಯಾಪಾರ. ಹೆಸರು ಚನ್ನವೀರಪ್ಪ ಎಂದು ಇಟ್ಟುಕೊಳ್ಳೋಣ. ಇಲ್ಲಿ ಯಾರಿಗಾದರೂ ಆ ಹೆಸರಿದ್ದರೆ ಸಿಟ್ಟಾಗಬೇಡಿ. ಒಂದು ಕಾಯಿ ಕೈಯಲ್ಲಿ ಹಿಡಿದು ಮುರಿದರೆ ಸಾಕು, ಎಷ್ಟು ದಿನ ಒಣಗಿದ್ದು, ತೂಕ ಹೆಚ್ಚಲೆಂದು ನೀರು ಚಿಮುಕಿಸಿದ್ದಾರೋ ಇಲ್ಲವೋ, ಎಲ್ಲ ಹೇಳಬಲ್ಲ ಮನುಷ್ಯ. ಓದಿದ್ದು ಏಳನೆಯ ತರಗತಿ. ಪರರಾಜ್ಯದ ವ್ಯಾಪಾರಿಗಳು ಬಂದು ಇಂಗ್ಲಿಷಿನಲ್ಲಿ ಮಾತಾಡಿದಾಗ ತನ್ನದೇ ಅಂಗಡಿಯಲ್ಲಿ ತಾನೇ ಪರಕೀಯನಂತೆ ನಗುತ್ತ ನಿಲ್ಲಬೇಕಿತ್ತು. ಆ ನಗು ಎಷ್ಟು ಕಷ್ಟದ್ದು ಗೊತ್ತೇ? ನಿಮ್ಮಲ್ಲಿ ಹಲವರಿಗೆ ಗೊತ್ತಿದೆ.

ಅವನಿಗೆ ಒಬ್ಬಳೇ ಮಗಳು, ದಾಕ್ಷಾಯಣಿ. ಮನೆಯಲ್ಲಿ ದಾಕ್ಷಿ. "ನನ್ನ ಮಗಳು ನನ್ನಂಗ ನಿಂದ್ರಬಾರದು" ಎಂದು ಆಕೆಯನ್ನು ದೊಡ್ಡ ಇಂಗ್ಲಿಷ್ ಶಾಲೆಗೆ ಸೇರಿಸಿದ. ಆಸೆ ತಪ್ಪೇ? ತಪ್ಪಲ್ಲ. ಶಾಲೆಯವರು ತಂದೆತಾಯಿಗಳ ಸಭೆ ಕರೆದು, ಮನೆಯಲ್ಲೂ ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತಾಡಿ ಎಂದರು. ಚನ್ನವೀರಪ್ಪ ಮನೆಗೆ ಬಂದವನೇ ಅಪ್ಪಣೆ ಮಾಡಿದ.

"ಇವತ್ತಿನಿಂದ ದಾಕ್ಷಿ ಕೂಡ ಯಾರೂ ಕನ್ನಡ ಮಾತಾಡಬಾರದು."

ಹೆಂಡತಿ ಶಿವಲೀಲಾ ಕೇಳಿದಳು: "ಮತ್ತ ಇಂಗ್ಲಿಷ್ ಯಾರಿಗೆ ಬರತೈತ್ರಿ ಮನ್ಯಾಗ?"

"ಬರದಿದ್ರ ಸುಮ್ನಿರು!"

ನೋಡಿ, ಎಂಥ ಮಾತು! ಬರದಿದ್ದರೆ ಸುಮ್ಮನಿರು. ಹೆಂಡತಿ ಜಾಣೆ. ಅಡುಗೆಮನೆಯಲ್ಲಿ ಮಗಳ ಜೊತೆ ಕದ್ದು ಕನ್ನಡ ಮಾತಾಡಿದಳು. ಆ ಕಟ್ಟಳೆಗೆ ನಿಜವಾಗಿ ಸಿಕ್ಕಿಬಿದ್ದವನು ಯಾರು? ಕಟ್ಟಳೆ ಹಾಕಿದವನೇ. ಹತ್ತು ವರ್ಷ ಆತ ಮಗಳಿಗೆ ಆಡಿದ ಮಾತುಗಳನ್ನು ಬೆರಳಿನ ಮೇಲೆ ಎಣಿಸಬಹುದು. ಗುಡ್ ಮಾರ್ನಿಂಗ್. ಈಟ್. ಸ್ಲೀಪ್. ಸ್ಟಡಿ. ಗುಡ್ ನೈಟ್. ಪ್ರೀತಿ ಇರಲಿಲ್ಲವೇ? ಬೇಕಾದಷ್ಟಿತ್ತು. ಪ್ರತಿ ಶನಿವಾರ ತಪ್ಪದೆ ಚಾಕಲೇಟು ತರುತ್ತಿದ್ದ. ಕೊಟ್ಟು, ಏನೋ ಹೇಳಬೇಕೆಂದು ಬಾಯಿ ತೆರೆದು, ಇಂಗ್ಲಿಷ್ ಸಿಗದೆ ಬಾಯಿ ಮುಚ್ಚುತ್ತಿದ್ದ.

ಮಗಳು ಬೆಳೆದಳು. ಹತ್ತನೆಯ ತರಗತಿ ಮುಗಿಯಿತು. ರಜೆಯಲ್ಲಿ ಪಡಸಾಲೆಯ ಜೋಕಾಲಿಯಲ್ಲಿ ಕೂತು ಗೆಳತಿಯರ ಜೊತೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತ ನಗುತ್ತಿದ್ದಳು. ಅದೆಂಥ ನಗು ಅನ್ನುತ್ತೀರಿ, ಜೋಕಾಲಿಯ ಸರಪಳಿ ಗಲಗಲ ಅನ್ನುವಂಥ ನಗು. ಚನ್ನವೀರಪ್ಪ ಸ್ನಾನ ಮುಗಿಸಿ ಹೆಗಲ ಮೇಲೆ ಟವೆಲು ಹಾಕಿಕೊಂಡು ಬರುವಾಗ ಬಾಗಿಲ ಹಿಂದೆ ನಿಂತುಬಿಡುತ್ತಿದ್ದ. ಏನು ಹೇಳಿದಳು, ಯಾಕೆ ನಕ್ಕಳು? ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ತನ್ನ ಮನೆ, ತನ್ನ ಮಗಳು, ಆ ನಗುವಿನಲ್ಲಿ ತನಗೆ ಪಾಲಿಲ್ಲ. ಅವನನ್ನು ಕಂಡ ಕೂಡಲೇ ಮಗಳ ನಗು ನಿಲ್ಲುತ್ತಿತ್ತು. "ಯೆಸ್, ಪಪ್ಪಾ?" ಎನ್ನುವಳು. "ನಥಿಂಗ್" ಎಂದು ಇವನು ಹೊರಟುಬಿಡುವನು.

ಜೂನ್ ತಿಂಗಳಲ್ಲಿ ಆಕೆ ಧಾರವಾಡದ ಕಾಲೇಜಿಗೆ, ಹಾಸ್ಟೆಲಿಗೆ ಹೋಗುವವಳು. ಉಳಿದದ್ದು ಎರಡೇ ತಿಂಗಳು. ಹೋಗುವುದರೊಳಗೆ ಒಮ್ಮೆಯಾದರೂ ಮಗಳ ಜೊತೆ ಕೂತು ಮನಸಾರೆ ಮಾತಾಡಬೇಕು ಎಂಬ ಹಂಬಲ ಆತನನ್ನು ಹಿಡಿಯಿತು. ಊಟ ಸೇರದು. ಅಂಗಡಿಯಲ್ಲಿ ಕೂತರೆ ಕಿವಿಯಲ್ಲಿ ಆ ನಗುವೇ.

ಆ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಮಹಾನಂದಾ ಎಂಬ ಇಂಗ್ಲಿಷ್ ಟೀಚರ್ ಇದ್ದರು. ಅವರ ಶಾಲೆಯ ಮಕ್ಕಳಿಗೆ ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚಿಕೆ. ಅದಕ್ಕೆ ಟೀಚರ್ ಇಂಟರ್‌ನೆಟ್ಟಿನಲ್ಲಿ ತಾವೇ ಪಾಠದ ಪುಟಗಳನ್ನು ಮಾಡಿದ್ದರು. ಲಿಂಕ್ ಒತ್ತಿದರೆ ಚಿತ್ರ ಬರುತ್ತದೆ. ಚಿತ್ರ ಮುಟ್ಟಿದರೆ ಮಾತು ಕೇಳುತ್ತದೆ. ಚದುರಿದ ಪದಗಳನ್ನು ಬೆರಳಿನಿಂದ ಎಳೆದು ವಾಕ್ಯ ಕಟ್ಟಬೇಕು. ಆಮೇಲೆ ಮೈಕಿನ ಗುರುತು ಒತ್ತಿ ನೀವೇ ಹೇಳಬೇಕು. ಸರಿ ಇದ್ದರೆ ಹಸಿರು. ತಪ್ಪಿದ್ದರೆ ಮತ್ತೊಮ್ಮೆ ಹೇಳಿ ಎನ್ನುತ್ತದೆ, ಅಷ್ಟೇ. ನಿಮ್ಮ ದನಿ ಅಲ್ಲೇ ಉಳಿದಿರುತ್ತದೆ. ಟೀಚರ್ ಆಮೇಲೆ ಕೇಳಿ ತಿದ್ದುತ್ತಾರೆ.

ಚನ್ನವೀರಪ್ಪ ಅವರ ಮನೆಗೆ ಹೋಗಿ ಕೈಮುಗಿದ. "ಟೀಚರ, ಎರಡು ತಿಂಗಳದಾಗ ಮಗಳ ಕೂಡ ಮಾತಾಡುವಷ್ಟು ಇಂಗ್ಲಿಷ್ ಕಲಸ್ರಿ."

"ಯಾಕ್ರಿ, ನಿಮ್ಮ ಮಗಳಿಗೆ ಕನ್ನಡ ಬರೂದಿಲ್ಲೇನು?"

"ಬರತೈತ್ರಿ. ನಾನ ಬ್ಯಾಡ ಅಂದೇನಿ."

ಟೀಚರ್ ಅವನ ಮುಖವನ್ನೇ ನೋಡಿದರು. ಮರುದಿನದಿಂದ ಪಾಠ ಕಳಿಸತೊಡಗಿದರು.

ಮಧ್ಯಾಹ್ನ ಹಮಾಲರು ಊಟಕ್ಕೆ ಹೋದಾಗ ಸಾಹುಕಾರ ಗೋದಾಮಿನ ಚೀಲಗಳ ನಡುವೆ ಕೂತು ಕಲಿಯುತ್ತಿದ್ದ. ಅಲ್ಲಿ ಮೆಣಸಿನ ಘಾಟು. ಒಂದು ವಾಕ್ಯಕ್ಕೆ ಎರಡು ಸೀನು. ಪಾಪ, ಆ ಯಂತ್ರ ಸೀನನ್ನೂ ಇಂಗ್ಲಿಷ್ ಎಂದು ತಿಳಿದು ತಪ್ಪು ಹಾಕುತ್ತಿತ್ತು! ಆದರೂ ಬಿಡಲಿಲ್ಲ. ನನ್ನ ಅಂಗಡಿ ಎಂಬ ಪಾಠ, ಹಸಿರು. ನನ್ನ ಊರು, ಹಸಿರು. ಐವತ್ತೆರಡು ವರ್ಷದ ಮನುಷ್ಯ ಒಂದು ಹಸಿರು ಗುರುತಿಗೆ ಮಗುವಿನಂತೆ ಹಿಗ್ಗಿದ.

ಆಮೇಲೆ ಬಂತು ಹೊಸ ಪಾಠ: ನನ್ನ ಮಗಳು. ಮೊದಲು ನನ್ನ ಮಗಳು ಹೀಗಿದ್ದಾಳೆ ಎಂದು ಹೇಳಬೇಕು. "ಮೈ ಡಾಟರ್ ಈಸ್" ಎಂದ, ಮುಂದೆ ಏನು ಹೇಳುವುದೋ ತೋಚಲಿಲ್ಲ. ಮತ್ತೆ ಹೇಳಿದ, ಮತ್ತೆ ನಿಂತ. ಅದರ ಕೆಳಗೆ ನಾಲ್ಕು ಪ್ರಶ್ನೆ. ಅವಳಿಗೆ ತಿನ್ನಲು ಏನು ಇಷ್ಟ? ಅವಳ ಆಪ್ತ ಗೆಳತಿ ಯಾರು? ಅವಳಿಗೆ ಯಾವುದಕ್ಕೆ ನಗು ಬರುತ್ತದೆ? ಅವಳಿಗೆ ಯಾವುದರ ಅಂಜಿಕೆ? ಪ್ರಶ್ನೆಯ ಅರ್ಥ ತಿಳಿಯಿತು, ನೋಡಿ. ಅಷ್ಟು ಇಂಗ್ಲಿಷ್ ಈಗ ಬಂದಿತ್ತು. ಉತ್ತರ ಗೊತ್ತಿರಲಿಲ್ಲ. ಯಂತ್ರ ಮೈಕು ತೆರೆದು ಕಾದೇ ಕಾಯಿತು.

ಮನೆಗೆ ಬಂದು ಹೆಂಡತಿಯ ಹತ್ತಿರ ಕಾಪಿ ಹೊಡೆಯಲು ನೋಡಿದ. "ಶಿವಲೀಲಾ, ದಾಕ್ಷಿಗೆ ಯಾವುದರ ಅಂಜಿಕಿ ಐತಿ?"

"ನನಗೇನು ಗೊತ್ತು? ಆಕಿನ್ನ ಕೇಳ್ರಿ."

ಆಕೆಯನ್ನೇ ಕೇಳುವುದೇ? ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡಲು ಆತ ತಯಾರಿದ್ದ! ಸಿಟ್ಟಿನಿಂದ ಟೀಚರ್ ಮನೆಗೆ ಹೋದ. "ಇದು ಇಂಗ್ಲಿಷ್ ಪಾಠ ಏನ್ರಿ, ಪೊಲೀಸರ ವಿಚಾರಣಿ ಏನ್ರಿ? ಇಂಥ ಕಠಿಣ ಪ್ರಶ್ನೆ ಯಾಕ ಕೊಟ್ಟೀರಿ?"

ಟೀಚರ್ ಕೂಡಲು ಕುರ್ಚಿ ಸರಿಸಿದರು. "ಕಠಿಣ ಆದ್ರ ಇಂಗ್ಲಿಷ್ ಬಿಡ್ರಿ. ಕನ್ನಡದಾಗ ಹೇಳ್ರಿ. ನಾ ಇಂಗ್ಲಿಷ್ ಮಾಡಿ ಕೊಡ್ತೇನಿ."

ಚನ್ನವೀರಪ್ಪ ಬಾಯಿ ತೆರೆದ. ಉತ್ತರ ಕನ್ನಡದಲ್ಲೂ ಬರಲಿಲ್ಲ.

ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ಹತ್ತು ವರ್ಷ ಆತ ಏನು ತಿಳಿದಿದ್ದ? ತನ್ನ ಮತ್ತು ಮಗಳ ನಡುವೆ ಒಂದು ಭಾಷೆಯ ಗೋಡೆ ಇದೆ ಎಂದು ತಿಳಿದಿದ್ದ. ಭಾಷೆ ಕಲಿತರೆ ಗೋಡೆ ಬೀಳುತ್ತದೆ ಎಂದಿದ್ದ. ಗೋಡೆ ಭಾಷೆಯದಾಗಿರಲಿಲ್ಲ. ಆತ ಮಗಳನ್ನು ಏನನ್ನೂ ಕೇಳಿಯೇ ಇರಲಿಲ್ಲ.

ಮರುದಿನ ಭಾನುವಾರ. ಬೆಳಗಿನ ಹೊತ್ತು ಮಗಳು ಟ್ರಂಕಿನಲ್ಲಿ ಬಟ್ಟೆ ಜೋಡಿಸುತ್ತಿದ್ದಳು. ಹೊರಡಲು ಹನ್ನೊಂದು ದಿನ ಉಳಿದಿತ್ತು. ಅಪ್ಪ ಬಾಗಿಲಲ್ಲಿ ಬಂದು ನಿಂತ.

"ಯೆಸ್, ಪಪ್ಪಾ?"

ಅವನು ಫೋನು ಮುಂದೆ ಚಾಚಿದ. "ದಾಕ್ಷಿ, ಈ ಪಾಠ ನನಗ ಬಿಡಸಾಕ ಬರವಲ್ದು. ನೀ ಹೇಳಿಕೊಡ್ತಿ ಏನವಾ?"

ಹತ್ತು ವರ್ಷದಲ್ಲಿ ಅಪ್ಪ ತನ್ನ ಜೊತೆ ಆಡಿದ ಮೊದಲ ಕನ್ನಡ ಮಾತು. ಹುಡುಗಿ ಗಾಬರಿಯಾಗಿ ಫೋನು ತೆಗೆದುಕೊಂಡಳು. ಪಾಠದ ಕೆಳಗೆ ಅಪ್ಪನ ದನಿಗಳು ಸಾಲಾಗಿ ಉಳಿದಿದ್ದವು. ಮುಟ್ಟಿದಳು. "ಮೈ ಡಾಟರ್ ಈಸ್... ಆಕ್ಷೀ!" ಹುಡುಗಿ ಕಿಸಕ್ಕನೆ ನಕ್ಕಳು. ಇನ್ನೊಂದು ಮುಟ್ಟಿದಳು. "ಮೈ ಡಾಟರ್ ಈಸ್..." ಮತ್ತೊಂದು. "ಮೈ ಡಾಟರ್..." ಮೂವತ್ತೊಂದು ಸಲ ಹೇಳಿದ್ದ. ಒಂದರಲ್ಲೂ ವಾಕ್ಯ ಮುಗಿದಿರಲಿಲ್ಲ. ಹತ್ತನೆಯದರ ಹೊತ್ತಿಗೆ ಮಗಳ ನಗು ನಿಂತಿತು. ಇಪ್ಪತ್ತನೆಯದರ ಹೊತ್ತಿಗೆ ಆಕೆ ಟ್ರಂಕಿನ ಅಂಚಿಗೆ ಕೂತುಬಿಟ್ಟಳು.

"ಇದೆಲ್ಲಾ ಯಾಕ ಮಾಡಿದ್ರಿ ಪಪ್ಪಾ?"

"ನಿನ್ನ ಕೂಡ ಮಾತಾಡಾಕ."

ಇಬ್ಬರೂ ನೆಲಕ್ಕೆ ಕೂತರು. ಮಗಳು ಒಂದೊಂದೇ ಪ್ರಶ್ನೆ ಓದಿದಳು. ಇಷ್ಟದ ತಿಂಡಿ? "ಅವ್ವ ಮಾಡೂ ಶೇಂಗಾದ ಉಂಡಿ. ಚಾಕಲೇಟ್ ನನಗ ಸೇರೂದಿಲ್ಲ, ಹಲ್ಲು ಜುಮ್ ಅಂತಾವು." ಹತ್ತು ವರ್ಷದ ಶನಿವಾರಗಳು! ಅಪ್ಪ ತಲೆ ಕೆರೆದುಕೊಂಡ. ಗೆಳತಿಯ ಹೆಸರು ಹೇಳಿದಳು. ನಗು ಯಾವುದಕ್ಕೆ ಎಂದು ಹೇಳಲು ಹೋಗಿ ತಡವರಿಸಿದಳು. "ನನಗ ಕನ್ನಡ ಅಡಿಗಿಮನಿದು ಅಷ್ಟ ಬರತೈತಿ ಪಪ್ಪಾ. ಉಪ್ಪು, ಹುಳಿ, ಹಸಿವು. ಬ್ಯಾರೆ ಶಬ್ದ ಸಿಗೂದಿಲ್ಲ." ಸಿಕ್ಕ ಶಬ್ದಗಳಲ್ಲಿ, ಕೈಬಾಯಿ ಮಾಡಿ, ಅಂತೂ ಹೇಳಿದಳು.

ಕೊನೆಯ ಪ್ರಶ್ನೆ ಬಂತು. ಯಾವುದರ ಅಂಜಿಕೆ? ಹುಡುಗಿ ಟ್ರಂಕಿನ ಚಿಲಕ ತಿರುವುತ್ತ ಕೂತಳು. ಚನ್ನವೀರಪ್ಪ ನಡುವೆ ಬಾಯಿ ಹಾಕದೆ ಕಾದ.

"ನಿಮ್ಮ ಮುಂದ ಮಾತಾಡಾಕ ಅಂಜಿಕಿ."

"ನಾ ಏನ್ ಮಾಡೇನಿ?"

"ಸೆಕೆಂಡ್ ಸ್ಟ್ಯಾಂಡರ್ಡ್ ಇದ್ದಾಗ ಒಂದಿನ ಸಾಲಿ ಬಿಟ್ಟ ಕೂಡಲೇ ಅಂಗಡಿಗೆ ಓಡಿ ಬಂದಿದ್ದೆ. ನಿಮಗ ಏನೋ ಹೇಳಾಕ. ಕನ್ನಡದಾಗ ಚಾಲೂ ಮಾಡಿದೆ. ನೀವು ಎಲ್ಲಾರ ಮುಂದ 'ಇಂಗ್ಲಿಷ್! ಓನ್ಲಿ ಇಂಗ್ಲಿಷ್!' ಅಂದ್ರಿ. ನನಗ ಅದು ಇಂಗ್ಲಿಷಿನ್ಯಾಗ ಹೇಳಾಕ ಬರಲಿಲ್ಲ. ಹೊಳ್ಳಿ ಮನಿಗೆ ಹ್ವಾದೆ."

ಚನ್ನವೀರಪ್ಪನಿಗೆ ಆ ದಿನದ ನೆನಪೇ ಇರಲಿಲ್ಲ. ಅಂಗಡಿ ತುಂಬ ಜನ, ತಕ್ಕಡಿ, ಗದ್ದಲ. ಏಳು ವರ್ಷದ ಕೂಸು ಬಂದದ್ದು, ಹೋದದ್ದು ಯಾವ ಲೆಕ್ಕ? ಈಗ ಮಗಳ ಎರಡೂ ಕೈ ಹಿಡಿದುಕೊಂಡ.

"ಅವತ್ತ ಏನು ಹೇಳಾಕ ಬಂದಿದ್ದೆವಾ? ಈಗ ಹೇಳು. ಕನ್ನಡದಾಗ ಹೇಳು, ಹೆಂಗರ ಹೇಳು, ನಾ ಕೇಳ್ತೇನಿ."

ಹುಡುಗಿ ಯೋಚಿಸಿದಳು. ಹುಬ್ಬು ಗಂಟಿಕ್ಕಿ ಯೋಚಿಸಿದಳು. ಕಣ್ಣಲ್ಲಿ ನೀರು ತುಂಬಿತು.

"ನೆನಪಿಲ್ಲ ಪಪ್ಪಾ."

ಆ ಹನ್ನೊಂದು ದಿನ ಆತ ಮಧ್ಯಾಹ್ನವೇ ಅಂಗಡಿಯಿಂದ ಮನೆಗೆ ಬಂದ. ಅಪ್ಪ ಮಗಳು ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಪೂರಾ ತಪ್ಪು ವ್ಯಾಕರಣದಲ್ಲಿ ಮಾತಾಡಿಯೇ ಮಾತಾಡಿದರು. ಶಿವಲೀಲಾ ಉಂಡೆ ಕಟ್ಟುತ್ತ ಕೇಳಿದಳು. ಮಗಳು ಧಾರವಾಡಕ್ಕೆ ಹೋದಳು. ಈಗ ಸಂಜೆ ಫೋನು ಮಾಡುತ್ತಾಳೆ. ಆತನ 'ನನ್ನ ಮಗಳು' ಪಾಠಕ್ಕೂ ಹಸಿರು ಬಂದಿದೆ. ಎಲ್ಲ ಒಳ್ಳೆಯದೇ ಆಯಿತು. ಆದರೂ ಫೋನು ಇಡುವ ಮೊದಲು ಕೆಲವು ದಿನ ಆತ ಸಣ್ಣ ದನಿಯಲ್ಲಿ ಕೇಳುತ್ತಾನೆ: "ಅದು ನೆನಪಾತೇನವಾ?" ಆ ಕಡೆಯಿಂದ ಉತ್ತರ ಅದೇ. ಹದಿನಾರರ ಮಗಳು ಆತನಿಗೆ ಸಿಕ್ಕಳು. ಏಳರ ಮಗಳು ಸಿಗಲಿಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ. ಚನ್ನವೀರಪ್ಪನನ್ನು ನೋಡಿ ಅಯ್ಯೋ ಅನ್ನುತ್ತಿದ್ದೀರಲ್ಲ, ನಿಮ್ಮ ಮಗುವಿನ ಅಂಜಿಕೆ ನಿಮಗೆ ಗೊತ್ತೇ? ನಿಮ್ಮ ಹೆಂಡತಿಗೆ ಯಾವುದಕ್ಕೆ ನಗು ಬರುತ್ತದೆ, ಗೊತ್ತೇ? ನೀವು ಮನೆಯಲ್ಲಿ ಇಂಗ್ಲಿಷ್ ಎಂದು ಗದರಿರಲಿಕ್ಕಿಲ್ಲ. "ಆಮೇಲೆ ಹೇಳು" ಎಂದಿದ್ದೀರಿ. "ಬಾಯಿ ಮುಚ್ಚು, ಓದು" ಎಂದಿದ್ದೀರಿ. ನಾನೂ ಸನ್ಯಾಸಕ್ಕೆ ಮೊದಲು ಆರು ವರ್ಷ ಮಾಸ್ತರಿಕೆ ಮಾಡಿದವನು. ತಪ್ಪು ಉತ್ತರಕ್ಕೆ ಎದ್ದು ನಿಂತ ಎಷ್ಟು ಮಕ್ಕಳಿಗೆ "ಕೂಡು" ಎಂದಿದ್ದೇನೋ! ಅವರು ಮುಂದೆ ಏನು ಹೇಳುವವರಿದ್ದರೋ, ಯಾರಿಗೆ ಗೊತ್ತು?

ತಾಯಿ, ಮೊಬೈಲನ್ನು ಬೈದು ಉಪಯೋಗವಿಲ್ಲ. ಆ ಟೀಚರ್ ಮಾಡಿದ ಯಂತ್ರದ ಪಾಠ ಒಬ್ಬ ಮನುಷ್ಯನ ಒಂದೇ ತಪ್ಪನ್ನು ಮೂವತ್ತೊಂದು ಸಲ ಕೇಳಿತು. ಸಿಟ್ಟಾಗಲಿಲ್ಲ. ನಡುವೆ ಬಾಯಿ ಹಾಕಲಿಲ್ಲ. ಮೂವತ್ತೆರಡನೆಯ ಸಲಕ್ಕೂ ಕಾಯುತ್ತಿತ್ತು. ಜೀವವಿಲ್ಲದ ವಸ್ತುವಿಗೆ ಅಷ್ಟು ತಾಳ್ಮೆ ಕಲಿಸಬಹುದಾದರೆ, ಜೀವವಿರುವ ನಮಗೆ ಒಂದೆರಡು ಸಲ ಕಾಯಲಾಗದೇ?

ಇಂದು ಮನೆಗೆ ಹೋಗಿ ಇಷ್ಟು ಮಾಡಿ. ಒಬ್ಬರನ್ನು ಹತ್ತಿರ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ. ಊಟ ಆಯಿತೇ ಎಂದಲ್ಲ, ಮಾರ್ಕ್ಸ್ ಎಷ್ಟು ಎಂದಲ್ಲ. ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿ. ಕೇಳಿ, ಸುಮ್ಮನಿರಿ. ಕನ್ನಡದಲ್ಲಿ ಹೇಳಲಿ, ಇಂಗ್ಲಿಷಿನಲ್ಲಿ ಹೇಳಲಿ, ತೊದಲಲಿ, ತಪ್ಪಲಿ, ತಿದ್ದಬೇಡಿ. ತಿದ್ದಲು ನಾಳೆ ಇದೆ. ಕೇಳಲು ನಾಳೆ ಇಲ್ಲ. ಮಗು ಇವತ್ತು ಹೇಳಲು ಬಂದದ್ದನ್ನು ನಾಳೆ ಅದೇ ಮರೆತಿರುತ್ತದೆ.

ಇಂದು ಮಂಗಳಾರತಿ ಬೇಗ ಮುಗಿಸೋಣ. ಮನೆಯಲ್ಲಿ ಯಾರೋ ನಿಮಗೆ ಏನೋ ಹೇಳಬೇಕೆಂದು ಕಾಯುತ್ತಿರಬಹುದು. ಏಳಿ.